ಮೋಟಾರು ಕಾರಿನಲ್ಲಿ ಇರಿಸಿಕೊಳ್ಳತಕ್ಕ ಆಪತ್ಕಾಲದ ಸಲಕರಣೆಗಳು

ಎತ್ತಿನ ಗಾಡಿಯನ್ನು ಹೂಡಿಕೊಂಡು ದೂರದ ಸಂತೆಗೆ ಹೊರಡುತ್ತಿದ್ದ ನಮ್ಮ ಹಿರಿಯರು ಕೀಲೆಣ್ಣೆಯ ಗೊಟ್ಟ, ಹೆಚ್ಚಿನದೊಂದು ಕಡಾಣಿ, ಹಗ್ಗ, ಕಂದೀಲು ಇವುಗಳಿಲ್ಲದೆ ಊರ ಗಡಿಯನ್ನು ದಾಟುತ್ತಿರಲಿಲ್ಲ. ಈಗ ಅದೇ ಮನೆತನಗಳ ಯಜಮಾನರು ಕಾರಿನಲ್ಲಿ ಸಂಚರಿಸುತ್ತಾರೆ. ಆದರೆ ಕಾರಿನ ಡಿಕ್ಕಿಯನ್ನು ತೆರೆದು ನೋಡಿದರೆ, ಆಪತ್ತಿಗೊದಗತಕ್ಕ ಸಾಮಾನು ಕಾಣಬರುವುದು ಅಪೂರ್ವ.

ಆನೇಕಲ್ಲು, ಹೊಸಕೋಟೆ, ನೆಲಮಂಗಲದ ಕಡೆಯ ಹಿಡುವಳಿದಾರರು ಬೆಂಗಳೂರಿಗೆ ಬರುವಾಗ ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಪೀಣ್ಯ ಈ ಪ್ರದೇಶಗಳನ್ನು ಹಾದು ಬರುತ್ತಾರೆ. 1882ರಲ್ಲಿ ಬೇಸಾಯದ ವಸತಿಯಾಗಿ ಆರಂಭವಾದ ವೈಟ್‌ಫೀಲ್ಡಿನಲ್ಲಿ ಇಂದು ವಾಹನಗಳ ಸಾಲು ಮೈಲುದ್ದ ನಿಲ್ಲುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗಲು 2010ರಲ್ಲಿ ತೆರೆದ ಮೇಲ್ರಸ್ತೆಯು ಹತ್ತಿರ ಹತ್ತಿರ 10 ಕಿಲೋಮೀಟರು ಉದ್ದವುಳ್ಳದ್ದು. ಅದರ ಮೇಲೆ ಚಕ್ರದ ಗಾಳಿ ಹೋದರೆ ಪಂಕ್ಚರ್ ಅಂಗಡಿಯೂ ಇಲ್ಲ, ನೆರಳೂ ಇಲ್ಲ. ಅಲ್ಲಿ ಕಾಯುವುದು ಬರಿಯ ಕಾಲಹರಣವಲ್ಲ. ಹಿಂದಿನಿಂದ ವೇಗವಾಗಿ ಬರುವ ಲಾರಿಯು ಪ್ರಾಣವನ್ನೇ ತೆಗೆಯಬಹುದು. ಕಾರಿನಲ್ಲಿ ಪ್ರಸವವೇದನೆಯ ಹೆಣ್ಣುಮಗಳಿದ್ದರಂತೂ ಒಂದೊಂದು ನಿಮಿಷವೂ ಅಮೂಲ್ಯವಾದದ್ದು. ಆದುದರಿಂದ ಪ್ರತಿ ಕಾರಿನಲ್ಲಿಯೂ ಈ ಕೆಳಗಿನ ಸಾಮಾನುಗಳು ಇರತಕ್ಕದ್ದು.

1. ಚಕ್ರಕ್ಕೆ ಸಂಬಂಧಿಸಿದವು: ಗಾಳಿ ತುಂಬಿದ ಸ್ಟೆಪ್ನಿ, ಜಾಕು, ನಟ್ಟು ಬಿಚ್ಚುವ ಪಾನಾ, ಗಾಳಿ ಹೊಡೆಯುವ ಸಣ್ಣ ಪಂಪು, ಗಟ್ಟಿ ಮರದ ಹಲಗೆಯೊಂದು, ಚಕ್ರಕ್ಕೆ ಅಡ್ಡ ಕೊಡಲು ಎರಡು ಮರದ ತುಂಡುಗಳು. 2020ನೆಯ ಇಸವಿಯ ನಿಯಮ ತಿದ್ದುಪಡಿಯ ಪ್ರಕಾರ, ಗಾಳಿಯ ಒತ್ತಡವನ್ನು ತಿಳಿಸುವ ಯಂತ್ರವೂ ಪಂಕ್ಚರ್ ಮುಚ್ಚುವ ಸಾಮಗ್ರಿಯೂ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಆದರೆ ಟೈರಿನ ಪಕ್ಕದ ಗೋಡೆಯೇ ಹರಿದರೆ ಆ ಸಾಮಗ್ರಿಯಿಂದ ಪ್ರಯೋಜನವಿಲ್ಲ. ಹೊಸ ಕಾರನ್ನು ಕೊಳ್ಳುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

2. ವಿದ್ಯುತ್ತಿಗೆ ಸಂಬಂಧಿಸಿದವು: ಟಾರ್ಚು, ಬ್ಯಾಟರಿಯಿಂದ ಬ್ಯಾಟರಿಗೆ ಜೋಡಿಸುವ ದಪ್ಪ ತಂತಿಗಳು, ಬಿಡಿ ಫ್ಯೂಸುಗಳು. ಸುಟ್ಟ ಫ್ಯೂಸಿನ ಸ್ಥಾನದಲ್ಲಿ ಅದೇ ಆಂಪಿಯರಿನದನ್ನೇ ಹಾಕತಕ್ಕದ್ದು. ಹೆಚ್ಚಿನದನ್ನಾಗಲಿ ತಂತಿಯ ತುಂಡನ್ನಾಗಲಿ ಸಿಕ್ಕಿಸಿದರೆ ಬೆಂಕಿಗೆ ಆಹ್ವಾನವಿತ್ತಂತೆಯೇ.

3. ಹತ್ಯಾರುಗಳು: ಸ್ಪ್ಯಾನರುಗಳು, ತಿರುಪುಳಿ, ಇಕ್ಕಳ, ವಿದ್ಯುತ್ ಟೇಪು, ಕಾರನ್ನೆಳೆಯುವ ಬಲವಾದ ಹಗ್ಗ, ಕೈಗವುಸು.

4. ಜನರಕ್ಷಣೆಗೆ: ಬೆಳಕಿಗೆ ಹೊಳೆಯುವ ಎಚ್ಚರಿಕೆಯ ತ್ರಿಕೋನ, ಹೊಳೆಯುವ ಅಂಗಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿಯಾರಿಸುವ ಸಣ್ಣ ಸಿಲಿಂಡರು, ಕುಡಿಯುವ ನೀರು, ಮೊಬೈಲು ಚಾರ್ಜರು.

ಸಾಮಾನಿದ್ದರೆ ಸಾಲದು, ಉಪಯೋಗಿಸುವ ಕ್ರಮವೂ ತಿಳಿದಿರಬೇಕು. ಗಾಳಿ ಹೋದ ಕೂಡಲೆ ಕಾರನ್ನು ಮೆಲ್ಲಗೆ ಎಡಬದಿಗೆ ತಂದು, ಮಿನುಗುವ ದೀಪಗಳನ್ನು ಹಚ್ಚಿ, ಜನರನ್ನು ಇಳಿಸಿ ರಸ್ತೆಯಿಂದಾಚೆ ನಿಲ್ಲಿಸಬೇಕು. ತ್ರಿಕೋನವನ್ನು ಸುಮಾರು 50 ಮೀಟರು ಹಿಂದೆ ಇಡಬೇಕು. ಕೈಬ್ರೇಕನ್ನು ಎಳೆದು, ಉಳಿದ ಚಕ್ರಗಳಿಗೆ ಅಡ್ಡ ಕೊಡಬೇಕು. ಚಕ್ರವು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಜಾಕಿನಿಂದ ಎತ್ತಬೇಕು. ನಮ್ಮ ಕೆಮ್ಮಣ್ಣು ಮಳೆಗೆ ಮೆತ್ತಗಾಗುವುದರಿಂದ ಜಾಕಿನಡಿಯಲ್ಲಿ ಹಲಗೆಯನ್ನಿಡುವುದು ಅವಶ್ಯಕ. ಜಾಕಿನ ಮೇಲಿರುವ ಕಾರಿನ ಕೆಳಗೆ ಯಾರೂ ತೂರಬಾರದು. ಹೊಸ ಚಕ್ರದ ನಟ್ಟುಗಳನ್ನು ಒಂದಾದ ಮೇಲೆ ಅದರ ಎದುರಿನದು ಎಂಬ ಕ್ರಮದಲ್ಲಿ ಬಿಗಿದು, ಕಾರನ್ನು ಇಳಿಸಿದ ಮೇಲೆ ಮತ್ತೊಮ್ಮೆ ಬಿಗಿಯತಕ್ಕದ್ದು.

ಎಂಜಿನು ಕಾದು ಹಬೆ ಏಳುತ್ತಿದ್ದರೆ ಆರುವ ತನಕ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಕೂಡದು. ಕುದಿಯುವ ನೀರು ಮುಖಕ್ಕೆ ಚಿಮ್ಮುವುದು. ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳನ್ನು ಮುಟ್ಟಬಾರದು.

2022ನೆಯ ಸೆಪ್ಟೆಂಬರಿನ ಮಳೆಯಲ್ಲಿ ಯಮಲೂರು ಮುಂತಾದ ಕಡೆ ಬಡಾವಣೆಗಳು ಜಲಾವೃತವಾಗಿ, ಬೆಲೆಬಾಳುವ ಕಾರುಗಳು ನೀರಿನಲ್ಲಿ ನಿಂತವು. ಜನರನ್ನು ಸಾಗಿಸಿದ್ದು ಬೇಸಾಯದ ಟ್ರ್ಯಾಕ್ಟರುಗಳು. ನೀರಿನಲ್ಲಿ ನಿಂತ ಕಾರನ್ನು ಪುನಃ ಚಾಲೂ ಮಾಡಲೆತ್ನಿಸಬಾರದು. ನೀರು ಸಿಲಿಂಡರನ್ನು ಹೊಕ್ಕಿದ್ದರೆ, ಅದನ್ನು ಅದುಮಲಾಗದೆ ಎಂಜಿನಿನ ಒಳಗಣ ದಂಡಗಳೇ ಬಾಗುವುವು. ಇಂತಹ ಸಂದರ್ಭದಲ್ಲಿ ಹಗ್ಗದಿಂದ ಎಳೆಸುವುದೊಂದೇ ಕ್ಷೇಮ.

ಸ್ಟೆಪ್ನಿಯ ಗಾಳಿಯನ್ನು ತಿಂಗಳಿಗೊಮ್ಮೆ ನೋಡಿಸತಕ್ಕದ್ದು; ಗಾಳಿಯಿಲ್ಲದ ಸ್ಟೆಪ್ನಿ ಬರಿಯ ಹೊರೆ. ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಈ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಾರಿನೊಳಗೆ ಅಂಟಿಸಿರಬೇಕು.

ಗ್ರಾಮದ ಮುಖಂಡರಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ: ಒಂದು ಬಿಡುವಿನ ದಿನ ಅರಳಿಕಟ್ಟೆಯ ಬಳಿ ಊರಿನ ಕಾರುಗಳನ್ನು ನಿಲ್ಲಿಸಿ, ಗಂಡಸರಿಗೂ ಹೆಂಗಸರಿಗೂ ಚಕ್ರ ಬದಲಾಯಿಸುವುದನ್ನು ಅಭ್ಯಾಸ ಮಾಡಿಸಬೇಕು. ಮೊದಲ ಸಲ ಅರ್ಧ ಗಂಟೆ ಹಿಡಿದರೂ ಚಿಂತೆಯಿಲ್ಲ. ಹಗಲು ಊರಿನಲ್ಲಿ ಕಲಿತ ಕೈಗಳು ಇರುಳು ದಾರಿಯಲ್ಲಿ ನಡುಗುವುದಿಲ್ಲ.