ನಂದಿಯ ತಪ್ಪಲಿನ ದ್ರಾಕ್ಷಿ ಸೀಮೆಯಲ್ಲಿ ಒಂದು ಹಗಲು

ಪೀಣ್ಯದ ಯಂತ್ರಾಗಾರಗಳಲ್ಲಿಯೂ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಸೌಧಗಳಲ್ಲಿಯೂ ವಾರವಿಡೀ ದುಡಿಯುವ ಜನರಿಗೆ, ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ, ನಂದಿಬೆಟ್ಟದ ತಪ್ಪಲನ್ನು ಹಿಡಿದು ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರಗಳವರೆಗೆ ಹಬ್ಬಿರುವ ದ್ರಾಕ್ಷಿಯ ಸೀಮೆಯೊಂದು ಉಂಟೆಂಬುದು ತಿಳಿಯದ ಸಂಗತಿಯೇನೂ ಅಲ್ಲ. ಆದರೆ ಅಲ್ಲಿಗೆ ಹೋಗಿಬರುವವರಲ್ಲಿ ಬಹುಮಂದಿ ವಾಹನದಿಂದ ಇಳಿದವರೇ ವೈನರಿಯ ಮೇಜಿನ ಮುಂದೆ ಕುಳಿತು, ನಾಲ್ಕೈದು ಬಗೆಯನ್ನು ಅವಸರದಲ್ಲಿ ಕುಡಿದು, ಬಳ್ಳಿಗಳ ನಡುವೆ ನಿಂತು ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ವೈನಿನ ರುಚಿಯಲ್ಲಿ ಅರಿಯಬೇಕಾದ ಅಂಶಗಳ ಬಹುಭಾಗವು ತೋಟದಲ್ಲಿಯೇ ನಿರ್ಣಯವಾಗಿರುವುದರಿಂದ, ತೋಟವನ್ನು ಮೊದಲು ಕಾಲ್ನಡಿಗೆಯಲ್ಲಿ ನೋಡಿ, ಆ ಮೇಲೆ ಲೋಟವನ್ನು ಕೈಗೆ ತೆಗೆದುಕೊಳ್ಳುವುದೇ ಸರಿಯಾದ ಕ್ರಮವೆಂದು ನಾನು ದೃಢವಾಗಿ ನಂಬಿದ್ದೇನೆ. ಹಾಗೆ ಒಂದು ಹಗಲನ್ನು ಕಳೆಯಬಯಸುವವರಿಗೆ ಉಪಯೋಗವಾಗತಕ್ಕ ವಿವರಗಳು ಇಲ್ಲಿವೆ.

ಯಾವ ಕಾಲದಲ್ಲಿ ಹೋಗಬೇಕು

ಮೊದಲು ನಿಶ್ಚಯಿಸಬೇಕಾದುದು ತಿಂಗಳು. ಯೂರೋಪಿನ ದ್ರಾಕ್ಷಿ ಸೀಮೆಗಳಲ್ಲಿ ಚಳಿಗಾಲದ ಕೊರೆತಕ್ಕೆ ಬಳ್ಳಿಯು ಎಲೆಯುದುರಿಸಿ ನಿದ್ರಿಸುತ್ತದೆ, ವಸಂತದಲ್ಲಿ ಚಿಗುರುತ್ತದೆ, ಶರತ್ಕಾಲದಲ್ಲಿ ಹಣ್ಣು ಕೊಡುತ್ತದೆ. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಅಂಥ ನಿದ್ರೆ ಇಲ್ಲದ ಕಾರಣ, ಬಳ್ಳಿಯ ವರ್ಷವನ್ನು ರೈತನೇ ಕತ್ತರಿಯಿಂದ ವಿಭಾಗಿಸಬೇಕಾಗಿದೆ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಸುಮಾರಿಗೆ ಒಮ್ಮೆ ಕಡ್ಡಿಗಳನ್ನು ಗಿಡ್ಡಗೆ ಸವರಿ ಬಳ್ಳಿಗೆ ಹೊಸ ಮೈ ಬರಿಸುತ್ತಾರೆ. ಮಳೆ ಹಿಂದೆಗೆಯುವ ಅಕ್ಟೋಬರ್ ಸುಮಾರಿಗೆ ಎರಡನೆಯ ಬಾರಿ ಸವರಿ ಹೂವನ್ನು ಕರೆಯುತ್ತಾರೆ. ವಿಜಯಪುರದ ಕಡೆಯ ಬೆಳೆಗಾರರು ಚಾಟನಿ ಎನ್ನುವುದು ಈ ಕೆಲಸವನ್ನೇ. ಹೀಗೆ ಎರಡು ಸವರುವಿಕೆಗಳಾದರೂ ವೈನ್ ದ್ರಾಕ್ಷಿಯ ಕೊಯ್ಲು ಒಂದೇ; ಅದು ಜನವರಿಯ ಕೊನೆಯಿಂದ ಮಾರ್ಚ್‌ವರೆಗೆ, ಮಳೆಯ ಭಯವಿಲ್ಲದೆ, ಬಿಸಿಲಿನ ಹಗಲು ಮತ್ತು ತಂಪಿನ ರಾತ್ರಿಗಳ ನಡುವೆ ನಡೆಯುತ್ತದೆ.

ಈ ತಂಪಿನ ರಾತ್ರಿಯ ಮಹತ್ವವನ್ನು ಇಲ್ಲಿಯೇ ಹೇಳಿಬಿಡಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಈ ಬಯಲಿನಲ್ಲಿ, ಹಗಲಿನ ಬಿಸಿಲಿಗೆ ಹಣ್ಣಿನಲ್ಲಿ ಸಕ್ಕರೆ ತುಂಬುವಂತೆಯೇ, ರಾತ್ರಿಯ ತಂಪಿಗೆ ಅದರ ಹುಳಿ ಪೂರ್ತಿ ಕರಗದೆ ಉಳಿಯುತ್ತದೆ. ಹುಳಿಯಿಲ್ಲದ ವೈನ್ ಸಪ್ಪೆ. ಆದುದರಿಂದ ಜನವರಿಯ ಕೊನೆ ಮತ್ತು ಫೆಬ್ರವರಿ ತಿಂಗಳು ಯಾತ್ರೆಗೆ ಅತ್ಯುತ್ತಮ. ಗೊಂಚಲು ಬಳ್ಳಿಯಲ್ಲಿರುತ್ತದೆ, ಒಳಗೆ ತೊಟ್ಟಿಗಳಲ್ಲಿ ರಸವು ಹುದುಗುತ್ತಿರುತ್ತದೆ. ಮೇ ತಿಂಗಳಲ್ಲಿ ಹೋದರೆ ಸವರಿದ ಬಳ್ಳಿಯನ್ನು ಮಾತ್ರ ಕಂಡು ಬರಬೇಕಾದೀತು.

ತಲಪುವ ಬಗೆ

ಇಲ್ಲಿನ ಹಳೆಯ ವೈನರಿಯೆಂದರೆ ಗ್ರೋವರ್ ಅವರದು. ಈಗ ಗ್ರೋವರ್ ಜಂಪಾ ಎಂಬ ಹೆಸರು. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯ ರಘುನಾಥಪುರದಲ್ಲಿದೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿಯು ಫ್ರಾನ್ಸಿನ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ತಜ್ಞನ ನೆರವಿನಿಂದ ಫ್ರೆಂಚ್ ತಳಿಗಳು ಈ ಮಣ್ಣಿಗೆ ಒಗ್ಗುವುವೇ ಎಂದು ಪರೀಕ್ಷಿಸಿ, 1988ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿದನು. ಬೋರ್ಡೊದ ಮಿಶೆಲ್ ರೋಲಾಂ 1990ರ ದಶಕದಲ್ಲಿ ಸಲಹೆಗಾರನಾಗಿ ಬಂದನು. 2007ರಲ್ಲಿ ರಾಜ್ಯ ಸರ್ಕಾರವು ವೈನ್ ನೀತಿಯನ್ನು ಪ್ರಕಟಿಸಿ, ದ್ರಾಕ್ಷಾರಸ ಮಂಡಳಿಯನ್ನು ರಚಿಸಿದ ಮೇಲೆ ಬೇರೆ ವೈನರಿಗಳೂ ತಲೆಯೆತ್ತಿದುವು. ಮಾಕಳಿ ಬೆಟ್ಟಗಳ ಮಗ್ಗುಲಲ್ಲಿ ಸೋಮ ಎಂಬುದೊಂದಿದೆ. ಮಾಗಡಿ ರಸ್ತೆಯ ಕಡೆಗೆ, ದೊಡ್ಡ ಆಲದ ಮರದ ಹೆಸರನ್ನು ಹೊತ್ತ ಬಿಗ್ ಬನ್ಯನ್ ಇದೆ. ಆದರೂ ಮೊದಲ ಬಾರಿ ಹೋಗುವವರು ನಂದಿಯ ತಪ್ಪಲಿಗೇ ಹೋಗುವುದು ಲೇಸು. ಒಂದು ಹಗಲಿಗೆ ಒಂದೇ ವೈನರಿ ಸಾಕು. ಎರಡನ್ನು ಸೇರಿಸಿದರೆ ನಡಿಗೆ ಬಿದ್ದುಹೋಗುತ್ತದೆ.

ಇಲ್ಲಿ ಒಂದು ಕಟ್ಟುನಿಟ್ಟಾದ ಮಾತು. ರುಚಿನೋಡುವವರು ವಾಹನ ನಡೆಸಕೂಡದು. ಕಾನೂನಿನ ಮಿತಿ 100 ಮಿಲಿಲೀಟರು ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ. ಒಂದೊಂದು ಬಗೆಗೆ 30 ಮಿಲಿಲೀಟರಿನಂತೆ ಐದು ಬಗೆ ಕುಡಿದರೆ, ಶೇ 13ರ ವೈನಿನಲ್ಲಿ ಸುಮಾರು 15 ಗ್ರಾಂ ಮದ್ಯಸಾರ ದೇಹಕ್ಕೆ ಸೇರುತ್ತದೆ. ಸಾಧಾರಣ ಮೈಕಟ್ಟಿನವರು ಆ ಮಿತಿಯನ್ನು ದಾಟಲು ಅಷ್ಟೇ ಸಾಕಾದೀತು. ಮೊದಲ ಸಲದ ತಪ್ಪಿಗೆ ದಂಡ 10,000 ರೂಪಾಯಿಯವರೆಗೆ, ಆರು ತಿಂಗಳ ಸೆರೆವಾಸವೂ ಆಗಬಹುದು. ದಂಡಕ್ಕಿಂತ ದೊಡ್ಡದು ಎದುರಿನಿಂದ ಬರುವವರ ಪ್ರಾಣ. ಆದಕಾರಣ ನಾಲ್ಕಾರು ಮಂದಿ ಸಹೋದ್ಯೋಗಿಗಳು ಸೇರಿ ಚಾಲಕಸಹಿತವಾದ ಬಾಡಿಗೆ ವಾಹನವನ್ನು ಗೊತ್ತುಮಾಡಬೇಕು. ಇಲ್ಲವೇ ರೈಲನ್ನು ಹಿಡಿಯಬೇಕು.

ರೈಲಿನ ದಾರಿ ಈಗ ಮೂರು ಕಡೆಯವರಿಗೂ ಸುಗಮವಾಗಿದೆ. ಪೀಣ್ಯದವರು ಹಸಿರು ಮಾರ್ಗದ ಮೆಟ್ರೊದಲ್ಲಿ ನೇರವಾಗಿ ಯಶವಂತಪುರಕ್ಕೆ ಬರಬಹುದು. ವೈಟ್‌ಫೀಲ್ಡಿನವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್ಕಿನಲ್ಲಿ ಹಸಿರಿಗೆ ಬದಲಾಯಿಸಬೇಕು. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟ್‌ನಲ್ಲಿ ತೆರೆದ ಹಳದಿ ಮಾರ್ಗವು ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಸಿರು ಮಾರ್ಗವನ್ನು ಕೂಡುತ್ತದೆ. ಯಶವಂತಪುರದಿಂದ ಹಿಂದೂಪುರದ ಕಡೆಗೆ ಹೋಗುವ ರೈಲುಗಳ ಹಾದಿಯಲ್ಲಿ ಯಲಹಂಕ, ರಾಜಾನುಕುಂಟೆಗಳಾದ ಮೇಲೆ ದೊಡ್ಡಬಳ್ಳಾಪುರ ಸಿಕ್ಕುತ್ತದೆ, ಅಲ್ಲಿಂದ ಆಟೊ. ಬೆಳಗಿನ ರೈಲು ಮತ್ತು ಸಂಜೆಯ ರೈಲು ಎರಡರ ವೇಳೆಯನ್ನೂ ಹಿಂದಿನ ದಿನವೇ ನೋಡಿಟ್ಟುಕೊಂಡು, ಅದಕ್ಕೆ ಹೊಂದುವಂತೆ ವೈನರಿಯ ಸಂದರ್ಶನವನ್ನು ಮುಂಗಡವಾಗಿ ಕಾಯ್ದಿರಿಸತಕ್ಕದ್ದು. ಹನ್ನೊಂದರಿಂದ ಹನ್ನೆರಡರ ಒಳಗಿನ ಸಮಯವನ್ನು ಕೇಳಿಕೊಳ್ಳಿ. ಬೆಳಗಿನ ತಂಪು ನಡಿಗೆಗೆ ಉಳಿಯುತ್ತದೆ. 21 ವರ್ಷ ತುಂಬದವರಿಗೆ ರುಚಿನೋಡುವ ಅವಕಾಶವಿಲ್ಲ. ಗುರುತಿನ ಚೀಟಿ ಜೊತೆಗಿರಲಿ.

ತೋಟಗಳ ನಡುವೆ

ಎಂಟು ಗಂಟೆಯ ಸುಮಾರಿಗೆ ಹಳ್ಳಿಯ ರಸ್ತೆಯಲ್ಲಿ ನಡೆಯತೊಡಗಿದರೆ ಮೂರು ಗಂಟೆಗಳ ಅವಧಿ ಸಿಕ್ಕುತ್ತದೆ. ಮುಚ್ಚಿದ ಪಾದರಕ್ಷೆ, ತುಂಬುತೋಳಿನ ಅಂಗಿ, ಟೋಪಿ, ತಲೆಗೊಂದು ಲೀಟರಿನಷ್ಟಾದರೂ ನೀರು ಇರಲಿ. ಸುಗಂಧ ದ್ರವ್ಯವನ್ನು ಆ ದಿನ ಮುಟ್ಟಬಾರದು. ಮುಂದೆ ಲೋಟದ ಪರಿಮಳವನ್ನು ಅದು ನುಂಗಿಹಾಕುತ್ತದೆ.

ಮೊದಲು ನೋಡಬೇಕಾದುದು ರೈತರ ತೋಟಗಳ ಬೆಂಗಳೂರು ನೀಲಿ ದ್ರಾಕ್ಷಿ. ಆಳೆತ್ತರದ ಕಲ್ಲುಕಂಬಗಳ ಮೇಲೆ ತಂತಿಯನ್ನೆಳೆದು ಚಪ್ಪರ ಹಾಕಿ, ಅದರ ಮೇಲೆ ಬಳ್ಳಿ ಹಬ್ಬಿಸಿರುತ್ತಾರೆ. ಗೊಂಚಲುಗಳು ನೆರಳಿನಲ್ಲಿ ತೂಗುತ್ತವೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಇದರಲ್ಲಿರುವುದರಿಂದ ಸಿಪ್ಪೆ ದಪ್ಪ, ಹಿಸುಕಿದರೆ ತಿರುಳು ಇಡಿಯಾಗಿ ಜಾರಿ ಹೊರಬೀಳುತ್ತದೆ, ಕಸ್ತೂರಿಯನ್ನು ಹೋಲುವ ಘಾಟು ಪರಿಮಳ. ಹಣ್ಣಿನ ರಸಕ್ಕೆ, ಜಾಮಿಗೆ, ಸಿಹಿಯಾದ ಪೋರ್ಟ್ ವೈನಿಗೆ ಇದು ಹೋಗುತ್ತದೆ. ವೈನಿನ ಪಂಡಿತರು ಈ ಘಾಟನ್ನು ಕೀಳೆಂದು ಬಗೆಯುತ್ತಾರೆ; ನಾನು ಒಪ್ಪುವುದಿಲ್ಲ. ರಸ್ತೆಬದಿಯಲ್ಲಿ ರೈತರಿಂದಲೇ ಒಂದು ಕಿಲೋ ಕೊಂಡು, ತೊಳೆದು, ನಾಲ್ಕು ಹಣ್ಣು ತಿಂದು ನೋಡಿ. ಬಾಯಿಗೆ ಆ ದಿನದ ಮೊದಲ ಪಾಠ ಅದು.

ಅಲ್ಲಿಂದ ವೈನ್ ದ್ರಾಕ್ಷಿಯ ತಾಕಿಗೆ ಬಂದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಚಪ್ಪರದ ಬದಲು ಸಾಲುಸಾಲಾಗಿ ನೆಟ್ಟ ಕಂಬಗಳಿಗೆ ತಂತಿ ಕಟ್ಟಿ ಬಳ್ಳಿಯನ್ನು ಬೇಲಿಯಂತೆ ನಿಲ್ಲಿಸಿರುತ್ತಾರೆ. ಹಣ್ಣು ಸಣ್ಣದು, ಗೊಂಚಲು ಚಿಕ್ಕದು, ಬೀಜವುಂಟು. ತಿನ್ನುವ ದ್ರಾಕ್ಷಿಯಲ್ಲಿ ತಿರುಳು ಹೆಚ್ಚಿದಷ್ಟೂ ಬೆಲೆ. ವೈನ್ ದ್ರಾಕ್ಷಿಯಲ್ಲಿ ಬಣ್ಣವೂ ಒಗರೂ ಪರಿಮಳದ ಬಹುಭಾಗವೂ ಸಿಪ್ಪೆಯಲ್ಲಿರುವುದರಿಂದ, ಹಣ್ಣು ಸಣ್ಣದಾಗಿ ತಿರುಳಿಗೆ ಸಿಪ್ಪೆಯ ಪ್ರಮಾಣ ಹೆಚ್ಚಿರುವುದೇ ಗುಣ. ಗೊಂಚಲಿನ ಸುತ್ತಣ ಎಲೆಗಳನ್ನು ಕಿತ್ತು ಬಿಸಿಲು ಬೀಳುವಂತೆ ಮಾಡಿದ್ದಾರೆಯೇ ಎಂದು ಗಮನಿಸಿ. ಕ್ಯಾಬರ್ನೆ ಸೊವಿನ್ಯೊನ್ ತಳಿಯು ನೆರಳಿನಲ್ಲಿ ಅರೆಮಾಗಿದರೆ ಅದರ ವೈನಿಗೆ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ಬರುತ್ತದೆ. ದೊಣ್ಣೆಮೆಣಸಿನಕಾಯಿಗೆ ಆ ವಾಸನೆ ಕೊಡುವ ರಾಸಾಯನಿಕ ವಂಶವೇ ದ್ರಾಕ್ಷಿಯಲ್ಲಿಯೂ ಇದೆ. ಬುಡದ ಹತ್ತಿರ ಕಸಿಯ ಗಂಟನ್ನೂ ಹುಡುಕಬಹುದು: ಬರವನ್ನೂ ಉಪ್ಪುನೀರನ್ನೂ ತಾಳಿಕೊಳ್ಳುವ ಡಾಗ್‌ರಿಜ್ ಎಂಬ ಗಿಡದ ಬೇರಿನ ಮೇಲೆ ಬೇರೆ ತಳಿಯನ್ನು ಕಸಿಮಾಡುವುದು ನಮ್ಮಲ್ಲಿ ರೂಢಿ.

ಅಪ್ಪಣೆಯಿಲ್ಲದೆ ತೋಟದೊಳಕ್ಕೆ ಕಾಲಿಡಬಾರದು, ಹಣ್ಣು ಕೀಳಲೂಬಾರದು. ಬೂದಿ ರೋಗ, ಬೂಜು ರೋಗಗಳ ವಿರುದ್ಧ ಔಷಧ ಸಿಂಪಡಿಸಿ ಎಷ್ಟು ದಿನವಾಯಿತೆಂಬುದು ಯಜಮಾನನಿಗೆ ಮಾತ್ರ ಗೊತ್ತು. ಆದರೆ ವಿನಯದಿಂದ ಕೇಳಿದರೆ ರೈತರು ಧಾರಾಳವಾಗಿ ಮಾತನಾಡುತ್ತಾರೆ. ಕೊಳವೆಬಾವಿ ಎಷ್ಟು ಆಳ, ಈ ಸಲದ ದರವೆಷ್ಟು, ಪಕ್ಕದ ತೋಟ ಏಕೆ ಬಡಾವಣೆಯಾಯಿತು ಎಂಬುದನ್ನು ಕೇಳಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ ಇಲ್ಲಿನ ಮಣ್ಣಿಗೆ ಬೆಳೆಗಿಂತ ಹೆಚ್ಚಿನ ಬೆಲೆ ಬಂದಿದೆ. ಚಪ್ಪರಗಳು ಕಿತ್ತುಹೋಗುವುದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ವೈನರಿಯ ಒಳಗೆ

ಮಾರ್ಗದರ್ಶಕರು ಹಣ್ಣು ಬಂದಿಳಿಯುವ ಸ್ಥಳದಿಂದ ಆರಂಭಿಸುತ್ತಾರೆ. ತೊಟ್ಟು ಬಿಡಿಸಿ ಹಣ್ಣನ್ನೊಡೆಯುವ ಯಂತ್ರ, ಒತ್ತುವ ಯಂತ್ರ, ಅನಂತರ ಉಕ್ಕಿನ ತೊಟ್ಟಿಗಳು. ಪೀಣ್ಯದಲ್ಲಿ ಕೆಲಸಮಾಡುವವರಿಗೆ ಈ ಭಾಗ ವಿಶೇಷವಾಗಿ ಹಿಡಿಸುತ್ತದೆ: ಹುದುಗುವಾಗ ರಸವು ತಾನಾಗಿಯೇ ಬಿಸಿಯೇರುವುದರಿಂದ, ತೊಟ್ಟಿಯ ಹೊರಮೈಗೆ ಎರಡನೆಯ ಕವಚವನ್ನು ಬೆಸೆದು, ಅದರೊಳಗೆ ತಣ್ಣೀರನ್ನು ಹರಿಸಿ ಉಷ್ಣವನ್ನು ಹಿಡಿತದಲ್ಲಿಡುತ್ತಾರೆ. ಬಿಳಿ ವೈನಿಗೆ ಸುಮಾರು 12ರಿಂದ 18 ಡಿಗ್ರಿ, ಕೆಂಪಿಗೆ ಸುಮಾರು 25ರಿಂದ 30 ಡಿಗ್ರಿ. ಬಿಳಿಯದಕ್ಕೆ ಸಿಪ್ಪೆಯನ್ನು ಮೊದಲೇ ಬೇರ್ಪಡಿಸುತ್ತಾರೆ, ಕೆಂಪಿಗೆ ಸಿಪ್ಪೆಯೊಡನೆ ಹುದುಗಿಸುತ್ತಾರೆ, ಗುಲಾಬಿ ಬಣ್ಣದ ರೋಸೆಗೆ ಕೆಲವು ಗಂಟೆಗಳ ಸಂಗ ಮಾತ್ರ. 225 ಲೀಟರಿನ ಫ್ರೆಂಚ್ ಓಕ್ ಪೀಪಾಯಿಗಳಿರುವ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತು ಗಾಳಿಯ ವಾಸನೆಯನ್ನು ನೆನಪಿಟ್ಟುಕೊಳ್ಳಿ. ಗ್ರೋವರ್ ಅವರ ಲಾ ರಿಸರ್ವ್ ಎಂಬ ಕೆಂಪು ವೈನಿನಲ್ಲಿ ಅದು ಮತ್ತೆ ಸಿಕ್ಕುತ್ತದೆ.

ಆಸ್ವಾದನೆಯ ಕ್ರಮ

ಹಸಿದ ಹೊಟ್ಟೆಯಲ್ಲಿ ಕೂರಬೇಡಿ. ಹಿಂದಿನ ಒಂದು ಗಂಟೆಯಲ್ಲಿ ಕಾಫಿ, ಎಲೆಯಡಿಕೆ, ಉಪ್ಪಿನಕಾಯಿ ಬೇಡ. ಬಿಳಿಯದರಿಂದ ಕೆಂಪಿಗೆ, ತೆಳುವಿನಿಂದ ದಪ್ಪಕ್ಕೆ, ಸಿಹಿಯಿಲ್ಲದುದರಿಂದ ಸಿಹಿಗೆ ಸಾಗಬೇಕು.

ಲೋಟವನ್ನು ಅದರ ದಂಟಿನಲ್ಲಿ ಹಿಡಿದು ಬಿಳಿಯ ಕಾಗದದ ಮೇಲೆ ವಾಲಿಸಿ ಬಣ್ಣವನ್ನು ನೋಡಿ. ಅಲುಗಿಸದೆ ಒಮ್ಮೆ ಮೂಸಿ. ಅನಂತರ ಮೇಜಿನ ಮೇಲಿಟ್ಟೇ ಮೆಲ್ಲಗೆ ಸುತ್ತಿಸಿ ಮತ್ತೆ ಮೂಸಿ. ಈ ಎರಡು ಮೂಸುವಿಕೆಗಳ ನಡುವಣ ವ್ಯತ್ಯಾಸವನ್ನು ಹೇಳಲು ಪ್ರಯತ್ನಿಸಿ, ನಮ್ಮ ಸಂತೆಯ ಹೆಸರುಗಳಿಂದಲೇ ಹೇಳಿ. ಬಿಳಿ ವೈನುಗಳಾದ ಸೊವಿನ್ಯೊನ್ ಬ್ಲಾಂಕ್‌ನಲ್ಲಿ ಕೊಯ್ದ ಹುಲ್ಲೂ ಸೀಬೆಯೂ, ವಿಯೊನಿಯೆಯಲ್ಲಿ ಹೂವಿನ ಕಂಪೂ ಸಿಕ್ಕುವುದುಂಟು. ಶಿರಾಜ್ ಎಂಬ ತಳಿಯ ಕೆಂಪು ವೈನಿನಲ್ಲಿ ಕರಿಮೆಣಸು ತೋರಿದರೆ ಅದು ಭ್ರಮೆಯಲ್ಲ. ಮೆಣಸಿನ ಕಾಳಿನಲ್ಲಿರುವ ರೊಟಂಡೋನ್ ಎಂಬ ದ್ರವ್ಯವೇ ಆ ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಇದೆ.

ಆಮೇಲೆ ಸಣ್ಣ ಗುಟುಕು. ಕೂಡಲೆ ನುಂಗದೆ ಬಾಯಿತುಂಬ ಆಡಿಸಿ. ನಾಲಗೆಯ ಅಂಚುಗಳಲ್ಲಿ ನೀರೂರಿದರೆ ಹುಳಿ ಚೆನ್ನಾಗಿದೆ, ಎಂದರೆ ರಾತ್ರಿಯ ತಂಪು ತನ್ನ ಕೆಲಸ ಮಾಡಿದೆ. ಎಳೆಯ ಅಡಿಕೆಯನ್ನು ಕಡಿದಾಗ ವಸಡು ಬಿಗಿದುಕೊಳ್ಳುವಂತೆ ಕೆಂಪು ವೈನಿನಲ್ಲಿ ಆದರೆ ಅದು ಸಿಪ್ಪೆ ಬೀಜಗಳ ಒಗರು; ಮಾಗಿದ ಹಣ್ಣಿನದಾದರೆ ನಯವಾಗಿ ಹಿಡಿದು ಬಿಡುತ್ತದೆ, ಹಸಿಯದಾದರೆ ಒರಟಾಗಿ ಉಳಿಯುತ್ತದೆ. ನುಂಗಿದ ಅಥವಾ ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಮನಸ್ಸಿನಲ್ಲಿಯೇ ಎಣಿಸಿ. ಉಗುಳುವುದಕ್ಕೆಂದು ಪಾತ್ರೆ ಕೇಳಿ ಪಡೆಯಿರಿ. ಸಭ್ಯ ಜನರ ನಡುವೆ ಉಗುಳುವುದೆಂತು ಎಂಬ ಸಂಕೋಚ ಬೇಡ. ವೃತ್ತಿಯಲ್ಲಿರುವ ರುಚಿತಜ್ಞರೆಲ್ಲ ಹಾಗೆಯೇ ಮಾಡುವುದು, ಐದನೆಯ ಬಗೆಗೂ ನಾಲಗೆ ಚುರುಕಾಗಿ ಉಳಿಯುವುದು ಅದರಿಂದಲೇ. ಒಂದೊಂದರ ಬಗೆಗೆ ಎರಡು ಸಾಲು ಬರೆದಿಡಿ. ಗರ್ಭಿಣಿಯರು, ಔಷಧ ಸೇವಿಸುತ್ತಿರುವವರು, ಮದ್ಯವೊಲ್ಲದವರು ಮೂಸಿ ನೋಡುವುದರಲ್ಲಿಯೇ ಇದರ ಅರ್ಧಕ್ಕಿಂತ ಹೆಚ್ಚಿನ ಅರಿವನ್ನು ಪಡೆಯಬಹುದು; ಅವರನ್ನು ಒತ್ತಾಯಿಸುವುದು ಅಸಭ್ಯತನ.

ಊಟ, ಕೊಳ್ಳುವುದು, ಮರಳುವುದು

ಊಟದಲ್ಲಿ ಖಾರಕ್ಕೆ ಒಗರಿನ ಕೆಂಪು ವೈನ್ ಹೊಂದುವುದಿಲ್ಲ. ಎರಡೂ ಒಂದನ್ನೊಂದು ಕೆರಳಿಸುತ್ತವೆ. ಕೋಸಂಬರಿಗೂ ನಿಂಬೆ ಹಿಂಡಿದ ಮೀನಿಗೂ ಸೊವಿನ್ಯೊನ್ ಬ್ಲಾಂಕ್ ಒಪ್ಪುತ್ತದೆ, ಹದವಾದ ಮಸಾಲೆಯ ಮಾಂಸಕ್ಕೆ ಶಿರಾಜ್. ಊಟದ ಜೊತೆಗೆ ನೀರು ಧಾರಾಳವಾಗಿರಲಿ, ಮೇಲೆ ಒಂದು ಗಂಟೆ ವಿಶ್ರಾಂತಿ.

ಬಾಡಿಗೆ ವಾಹನದಲ್ಲಿ ಬಂದವರು ಮೆಚ್ಚಿದ ಸೀಸೆಯೊಂದನ್ನು ಕೊಂಡು ರಸೀದಿಯನ್ನು ಜೋಪಾನವಾಗಿಡಲಿ. ಮೆಟ್ರೊ, ರೈಲುಗಳಲ್ಲಿ ಮರಳುವವರು ಹೆಸರನ್ನೂ ಕೊಯ್ಲಿನ ವರ್ಷವನ್ನೂ ಬರೆದುಕೊಂಡು, ನಗರದ ಅಂಗಡಿಯಲ್ಲಿಯೇ ಕೊಳ್ಳುವುದು ನಿರಾತಂಕ. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಸೀಸೆಯನ್ನು ಬಿಡಬೇಡಿ, ಒಂದೆರಡು ಗಂಟೆಯಲ್ಲಿ ಕೆಟ್ಟೀತು. ಮನೆಯಲ್ಲಿ ಬೆಳಕು ಬೀಳದ ತಂಪಾದ ಮೂಲೆಯಲ್ಲಿಡಿ. ಬೆಂಡಿನ ಬಿರಡೆಯಿದ್ದರೆ ಅಡ್ಡಲಾಗಿ ಮಲಗಿಸಿ. ಬಿಳಿಯದನ್ನು 8ರಿಂದ 12 ಡಿಗ್ರಿಯಲ್ಲಿಯೂ ಕೆಂಪನ್ನು 16ರಿಂದ 18 ಡಿಗ್ರಿಯಲ್ಲಿಯೂ ಬಡಿಸಬೇಕು. ನಮ್ಮ ಬೇಸಗೆಯ ಕೋಣೆ ಅದಕ್ಕಿಂತ ಬಿಸಿಯಾಗಿರುವುದರಿಂದ, ಕೆಂಪು ವೈನನ್ನೂ ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ತೆರೆದ ಮೇಲೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಬಾಳುತ್ತದೆ, ಅದಕ್ಕೆ ಮೀರಿದುದನ್ನು ಅಡುಗೆಗೆ ಬಳಸಬಹುದು.