ಸೋಲುವ ತಂಡವೂ ಬದಲಾಗುವ ಗುರುವೂ

ಕಾಲ್ಚೆಂಡಾಟದಲ್ಲಿ ಎರಡು ಬಗೆಯ ಲೀಗುಗಳುಂಟು. ಮೊದಲನೆಯ ಬಗೆಯಲ್ಲಿ ಕಟ್ಟಕಡೆಗೆ ನಿಂತ ತಂಡವು ಮುಂದಿನ ವರ್ಷ ಕೆಳಗಿನ ದರ್ಜೆಗೆ ಇಳಿಯಬೇಕಾಗುತ್ತದೆ. ಕೆಳಗಿನ ದರ್ಜೆಯಲ್ಲಿ ಗೆದ್ದ ತಂಡವು ಅದರ ಸ್ಥಾನಕ್ಕೆ ಏರಿ ಬರುತ್ತದೆ. ಈ ಇಳಿತಕ್ಕೆ ನಮ್ಮ ಪತ್ರಿಕೆಗಳು 'ಹಿಂಬಡ್ತಿ' ಎಂಬ ಶಬ್ದವನ್ನು ಬಳಸುತ್ತವೆ. ಎರಡನೆಯ ಬಗೆಯಲ್ಲಿ ಎಷ್ಟು ಸೋತರೂ ಸ್ಥಾನಕ್ಕೆ ಚ್ಯುತಿಯಿಲ್ಲ. ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಚೆಂಡನ್ನು ಒದೆಯದವರು ವಿರಳ; ಆದರೆ ಹಿಂಬಡ್ತಿಯ ಭಯ ತಲೆಯ ಮೇಲೆ ತೂಗುತ್ತಿರುವಾಗ ಕ್ಲಬ್ಬಿನ ಒಡೆಯರು ಮೊಟ್ಟಮೊದಲು ಮಾಡುವ ಕೆಲಸವೇನೆಂಬುದನ್ನು ಗಮನಿಸಿದವರು ಎಷ್ಟು ಮಂದಿ? ಅವರು ತರಬೇತುದಾರನನ್ನು ಬಿಡಿಸಿ ಬೇರೊಬ್ಬನನ್ನು ತರುತ್ತಾರೆ. ಹಾಗೆ ಮಾಡುವುದರಿಂದ ತಂಡವು ನಿಜವಾಗಿಯೂ ಉಳಿಯುವುದೇ ಎಂಬುದು ಈ ಲೇಖನದ ಪ್ರಶ್ನೆ.

ದೂರದ ದೇಶಗಳ ಮಾತಿಗೆ ಮುನ್ನ ನಮ್ಮ ಊರಿನ ಉದಾಹರಣೆಯನ್ನೇ ನೋಡೋಣ. 2007ರಲ್ಲಿ ಸ್ಥಾಪಿತವಾದ ಪುಣೆ ಎಫ್.ಸಿ. ಎಂಬ ತಂಡವು 2009ರಲ್ಲಿ ಐ-ಲೀಗಿಗೆ ಏರಿತು. ಗೋವೆಯ ಡೆರಿಕ್ ಪೆರೇರಾ ಅದರ ತರಬೇತುದಾರರಾಗಿ ನಾಲ್ಕು ಋತುಗಳ ಕಾಲ, ಅಂದರೆ 2013ರ ವರೆಗೆ, ಒಂದೇ ಸ್ಥಾನದಲ್ಲಿದ್ದರು. ಮೊದಲ ವರ್ಷವೇ ತಂಡಕ್ಕೆ ಮೂರನೆಯ ಸ್ಥಾನ ದೊರೆಯಿತು. 2012–13ರಲ್ಲಿ ಎರಡನೆಯ ಸ್ಥಾನ. ಇದೇ ನಗರದ ಇನ್ನೊಂದು ತಂಡವಾದ ಎಫ್.ಸಿ. ಪುಣೆ ಸಿಟಿಯ ಕಥೆ ಬೇರೆ. 2014ರಿಂದ 2019ರ ವರೆಗೆ ಬಾಲೇವಾಡಿಯ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಐದು ಋತುಗಳನ್ನು ಆಡಿದ ಈ ತಂಡಕ್ಕೆ ಫ್ರಾಂಕೊ ಕೊಲೊಂಬಾ, ಡೇವಿಡ್ ಪ್ಲಾಟ್, ಅಂಟೋನಿಯೊ ಹಬಾಸ್, ರಾಂಕೊ ಪೊಪೊವಿಚ್, ಮಿಗೆಲ್ ಏಂಜೆಲ್ ಪೋರ್ಚುಗಲ್, ಫಿಲ್ ಬ್ರೌನ್ ಎಂದು ಆರು ಮಂದಿ ತರಬೇತುದಾರರು ಬಂದು ಹೋದರು. ಇವರಲ್ಲಿ ಪೊಪೊವಿಚ್‌ರು 2018ರಲ್ಲಿ ತಂಡವನ್ನು ಉಪಾಂತ್ಯದ ವರೆಗೆ ಒಯ್ದರು. ಅಲ್ಲಿ ಬೆಂಗಳೂರಿನ ಸುನಿಲ್ ಛೇತ್ರಿಯವರ ಮೂರು ಗೋಲುಗಳು ಪುಣೆಯ ಆಸೆಯನ್ನು ಮುಗಿಸಿದವು. ಮುಂದಿನ ಋತುವಿಗೆ ಪೊಪೊವಿಚ್ ಉಳಿಯಲಿಲ್ಲ. ಅವರ ತರುವಾಯ ಬಂದ ಪೋರ್ಚುಗಲ್‌ರಿಗೆ ದೊರೆತದ್ದು ಮೂರೇ ಪಂದ್ಯಗಳು. ಗಮನಿಸಿರಿ: ಈ ಲೀಗಿನಲ್ಲಿ ಆ ವರ್ಷಗಳಲ್ಲಿ ಹಿಂಬಡ್ತಿ ಎಂಬುದೇ ಇರಲಿಲ್ಲ! ಬೀಳುವ ಭಯವಿಲ್ಲದ ಕಡೆಯೂ ಒಡೆಯರ ತಾಳ್ಮೆ ಇಷ್ಟೇ ಎಂದಾದರೆ, ಭಯವಿರುವ ಕಡೆ ಹೇಗಿರಬೇಡ?

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಪುಣೆ ಎಫ್.ಸಿ.ಯು ತರಬೇತುದಾರನನ್ನು ಬದಲಿಸಲಿಲ್ಲ, ಆದ್ದರಿಂದ ಗೆದ್ದಿತು ಎಂದು ನೀವು ಉತ್ತರ ಬರೆದರೆ ನಾನು ಪೂರ್ಣ ಅಂಕಗಳನ್ನು ಕೊಡಲಾರೆ. ತಂಡವು ಗೆಲ್ಲುತ್ತಿತ್ತು, ಆದ್ದರಿಂದ ಯಾರೂ ಅವರನ್ನು ಬದಲಿಸಲಿಲ್ಲ ಎಂದೂ ಹೇಳಬಹುದಲ್ಲವೆ? ಎರಡು ಸಂಗತಿಗಳು ಜೊತೆಜೊತೆಯಾಗಿ ಕಂಡಾಗ ಯಾವುದು ಕಾರಣ, ಯಾವುದು ಕಾರ್ಯ ಎಂಬುದು ತಾನಾಗಿ ತಿಳಿಯುವುದಿಲ್ಲ.

ಹಾಗಾದರೆ ಒಡೆಯರು ಅವಿವೇಕಿಗಳೇ? ಅಲ್ಲ. ಅವರ ಇಕ್ಕಟ್ಟನ್ನೂ ಅರಿಯಬೇಕು. ಆಟಗಾರರನ್ನು ಕೊಳ್ಳುವುದಕ್ಕೂ ಬಿಡುವುದಕ್ಕೂ ವರ್ಷದಲ್ಲಿ ನಿಯಮಿತ ಅವಧಿಗಳಿವೆ. ಅವಧಿ ಮುಗಿಯಿತೆಂದರೆ ಇಪ್ಪತ್ತು–ಇಪ್ಪತ್ತೈದು ಆಟಗಾರರ ತಂಡವನ್ನು ಬದಲಿಸಲು ಬರುವುದಿಲ್ಲ. ಬದಲಿಸಬಹುದಾದವನು ಒಬ್ಬನೇ. ಮೇಲಾಗಿ ಸೋಲಿನಿಂದ ಕೆರಳಿದ ಪ್ರೇಕ್ಷಕರಿಗೆ ಏನನ್ನೋ ಮಾಡಿ ತೋರಿಸಲೇಬೇಕು. ಕೆಳಗಿನ ದರ್ಜೆಗೆ ಬಿದ್ದರೆ ಪ್ರಾಯೋಜಕರು ಹೋಗುತ್ತಾರೆ, ಒಳ್ಳೆಯ ಆಟಗಾರರು ಹೋಗುತ್ತಾರೆ, ಕೆಲವೊಮ್ಮೆ ಕ್ಲಬ್ಬೇ ಹೋಗುತ್ತದೆ. ಹೀಗಾಗಿ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆಯುವ ಕೆಲಸ ವರ್ಷ ವರ್ಷವೂ ನಡೆಯುತ್ತದೆ.

ಆಶ್ಚರ್ಯದ ಸಂಗತಿಯೆಂದರೆ, ಬರೆ ಎಳೆದ ಮೇಲೆ ಎತ್ತಿನ ಜ್ವರ ಅನೇಕ ಸಲ ಇಳಿದೇ ಬಿಡುತ್ತದೆ! ಹೊಸ ತರಬೇತುದಾರ ಬಂದ ಮೇಲೆ ನಾಲ್ಕಾರು ಪಂದ್ಯಗಳಲ್ಲಿ ತಂಡವು ಮೊದಲಿಗಿಂತ ಚೆನ್ನಾಗಿ ಆಡುವುದು ಅನೇಕ ದೇಶಗಳಲ್ಲಿ ಕಂಡುಬಂದಿದೆ. ಇದಕ್ಕೆ ಕಾರಣವೇನು? ಇದನ್ನು ತಿಳಿಯಲು ಮೈದಾನಕ್ಕೆ ಹೋಗಬೇಕಾಗಿಲ್ಲ. ಲೂಡೊ ಆಟದ ಎರಡು ದಾಳಗಳು ಸಾಕು.

ನಿಮ್ಮ ಇಯತ್ತೆಯಲ್ಲಿ 36 ಮಕ್ಕಳಿದ್ದಾರೆಂದು ಭಾವಿಸಿರಿ. ಪ್ರತಿಯೊಬ್ಬರೂ ಎರಡು ದಾಳಗಳನ್ನು ಒಮ್ಮೆ ಉರುಳಿಸಿ ಮೊತ್ತವನ್ನು ಬರೆದುಕೊಳ್ಳಲಿ. ಮೊತ್ತವು 2ರಿಂದ 12ರ ವರೆಗೆ ಇರಬಹುದು, ಸರಾಸರಿ 7. ಎರಡು ದಾಳಗಳು ಬೀಳಬಹುದಾದ ರೀತಿಗಳು ಒಟ್ಟು 36. ಅವುಗಳಲ್ಲಿ 2 ಬರುವ ರೀತಿ ಒಂದು, 3 ಬರುವ ರೀತಿಗಳು ಎರಡು, 4 ಬರುವ ರೀತಿಗಳು ಮೂರು. ಆದ್ದರಿಂದ 36 ಮಕ್ಕಳಲ್ಲಿ ಸುಮಾರು ಆರು ಮಂದಿಗೆ 4 ಅಥವಾ ಅದಕ್ಕೂ ಕಡಿಮೆ ಮೊತ್ತ ಬರುತ್ತದೆ. ಇವರನ್ನು 'ಹಿಂಬಡ್ತಿಯ ಅಂಚಿನಲ್ಲಿರುವವರು' ಎಂದು ಕರೆಯೋಣ. ಇವರ ಸರಾಸರಿ ಮೂರಕ್ಕಿಂತ ತುಸು ಹೆಚ್ಚು, ಅಷ್ಟೆ. ಈಗ ಈ ಆರು ಮಂದಿಗೆ, "ನಿಮ್ಮ ಬಲಗೈ ಸರಿಯಿಲ್ಲ, ಎಡಗೈಯಿಂದ ಉರುಳಿಸಿರಿ" ಎಂದು ಹೇಳಿರಿ. ಎರಡನೆಯ ಸಲ ಅವರ ಸರಾಸರಿ ಏಳರ ಸಮೀಪಕ್ಕೆ ಬರುತ್ತದೆ. ಬಹುಶಃ ಐವರ ಮೊತ್ತವಾದರೂ ಹೆಚ್ಚಾಗಿರುತ್ತದೆ. ಎಡಗೈಗೆ ಜಯಕಾರ ಹಾಕೋಣವೇ? ಬಲಗೈಯಿಂದ ಉರುಳಿಸಿದ್ದರೂ ಇದೇ ಆಗುತ್ತಿತ್ತು. ಮೊದಲ ಸಲ ಅವರಿಗೆ ಒದಗಿದ್ದು ಕೆಟ್ಟ ಅದೃಷ್ಟ. ಎರಡನೆಯ ಸಲ ಒದಗಿದ್ದು ಸಾಧಾರಣ ಅದೃಷ್ಟ.

ಸರಾಸರಿಯಿಂದ ಬಹಳ ದೂರ ಹೋದದ್ದು ಮತ್ತೆ ಸರಾಸರಿಯ ಕಡೆಗೆ ಮರಳುವ ಈ ನಿಯಮವನ್ನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸರು 1886ರಲ್ಲಿ ತಂದೆತಾಯಿಗಳ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸಿ ತೋರಿಸಿದರು. ನಮ್ಮ ಹಳ್ಳಿಗಳಲ್ಲಿ ಜ್ವರ ಬಂದು ಐದನೆಯ ದಿನಕ್ಕೆ ತಾಯಿತ ಕಟ್ಟಿಸಿದರೆ ಏಳನೆಯ ದಿನಕ್ಕೆ ಜ್ವರ ಬಿಡುತ್ತಿತ್ತು. ಕೀರ್ತಿಯೆಲ್ಲ ತಾಯಿತಕ್ಕೆ ಸಲ್ಲುತ್ತಿತ್ತು. ಜ್ವರವು ಏರಿ ಕಟ್ಟಕಡೆಯ ಮಟ್ಟ ಮುಟ್ಟಿದಾಗಲೇ ತಾಯಿತದ ನೆನಪಾಗುವುದು ಸಹಜ. ತಂಡವು ಸತತವಾಗಿ ಸೋತಾಗಲೇ ತರಬೇತುದಾರನ ಬದಲಾವಣೆಯ ನೆನಪಾಗುವುದೂ ಹಾಗೆಯೇ.

ಹಾಗಾದರೆ ತಾಯಿತದ ಗುಣವನ್ನು ಪರೀಕ್ಷಿಸುವುದು ಹೇಗೆ? ಜ್ವರ ಬಂದವರಲ್ಲಿ ಕೆಲವರಿಗೆ ಕಟ್ಟಿ, ಕೆಲವರಿಗೆ ಕಟ್ಟದೆ ಹೋಲಿಸಬೇಕು. ದಾಳದ ಪ್ರಯೋಗದಲ್ಲಿಯೂ ಕಡಿಮೆ ಮೊತ್ತದವರಲ್ಲಿ ಅರ್ಧ ಮಂದಿ ಎಡಗೈಯಿಂದ, ಅರ್ಧ ಮಂದಿ ಬಲಗೈಯಿಂದ ಉರುಳಿಸಲಿ. ಬಾಸ್ ಟೆರ್ ವೀಲ್ ಎಂಬ ಡಚ್ ಅರ್ಥಶಾಸ್ತ್ರಜ್ಞರು ಇದೇ ಉಪಾಯದಿಂದ ನೆದರ್‌ಲ್ಯಾಂಡ್ಸ್ ದೇಶದ ಮೊದಲ ದರ್ಜೆಯ ಲೀಗಿನ 1986ರಿಂದ 2004ರ ವರೆಗಿನ ಪಂದ್ಯಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಒಂದೇ ರೀತಿಯ ಸೋಲಿನ ಸುಳಿಗೆ ಸಿಕ್ಕಿದ ತಂಡಗಳಲ್ಲಿ ತರಬೇತುದಾರನನ್ನು ಬದಲಿಸಿದವು ಒಂದು ಗುಂಪು, ಬದಲಿಸದೆ ಇದ್ದವು ಇನ್ನೊಂದು ಗುಂಪು. ಬದಲಿಸಿದವು ಚೇತರಿಸಿಕೊಂಡವು, ಬದಲಿಸದವೂ ಅದೇ ರೀತಿ ಚೇತರಿಸಿಕೊಂಡವು. ಬದಲಾವಣೆಯಿಂದ ವಿಶೇಷ ಲಾಭವೇನೂ ಕಾಣಲಿಲ್ಲ.

ಇಷ್ಟರಿಂದ ತರಬೇತುದಾರನಿಗೆ ಬೆಲೆಯೇ ಇಲ್ಲವೆಂದು ತಿಳಿಯಬಾರದು. ಆಟಗಾರನು ದಾಳವಲ್ಲ. ಹಿಂದಿನವರ ಕಣ್ಣಿಗೆ ಬೀಳದ ಹುಡುಗನನ್ನು ಹೊಸಬರು ಗುರುತಿಸಬಹುದು; ರಕ್ಷಣೆಯ ಸಾಲನ್ನು ಬಿಗಿಗೊಳಿಸಬಹುದು; ಬೆದರಿದ ಮನಸ್ಸುಗಳಿಗೆ ಧೈರ್ಯ ತುಂಬಬಹುದು. ಇಂಗ್ಲೆಂಡಿನಲ್ಲಿ ಸ್ಯಾಮ್ ಅಲಾರ್ಡೈಸ್ ಎಂಬವರು ಮುಳುಗುವ ತಂಡಗಳನ್ನು ದಡ ಸೇರಿಸುವುದನ್ನೇ ಒಂದು ಕಸುಬಾಗಿ ಮಾಡಿಕೊಂಡಿದ್ದರು. ಸಂಡರ್‌ಲ್ಯಾಂಡ್, ಕ್ರಿಸ್ಟಲ್ ಪ್ಯಾಲೆಸ್ ತಂಡಗಳು ಅವರಿಂದ ಉಳಿದವು. ಆದರೆ 2021ರಲ್ಲಿ ವೆಸ್ಟ್ ಬ್ರಾಮ್ವಿಚ್ ಉಳಿಯಲಿಲ್ಲ. 2023ರಲ್ಲಿ ಕೊನೆಯ ನಾಲ್ಕು ಪಂದ್ಯಗಳಿಗೆಂದು ಕರೆತಂದ ಲೀಡ್ಸ್ ಕೂಡ ಉಳಿಯಲಿಲ್ಲ.

ಪುಣೆಗೆ ಬಂದಿದ್ದ ಫಿಲ್ ಬ್ರೌನ್‌ರ ಪೂರ್ವಚರಿತ್ರೆಯೂ ಈ ಮಾತಿಗೆ ಚೆನ್ನಾಗಿ ಹೊಂದುತ್ತದೆ. 2008–09ರಲ್ಲಿ ಅವರು ಹಲ್ ಸಿಟಿಯ ತರಬೇತುದಾರರು. ಋತುವಿನ ಎರಡನೆಯ ಅರ್ಧದಲ್ಲಿ ಹಲ್ ಗೆದ್ದದ್ದು ಒಂದೇ ಪಂದ್ಯ. ಆದಾಗ್ಯೂ ಅವರನ್ನು ತೆಗೆಯಲಿಲ್ಲ. ಅದೇ ಋತುವಿನಲ್ಲಿ ನ್ಯೂಕ್ಯಾಸಲ್ ತಂಡದ ಚುಕ್ಕಾಣಿ ಕೀಗನ್, ಕಿನ್ನಿಯರ್, ಹ್ಯೂಟನ್, ಶಿಯರರ್ ಎಂಬ ನಾಲ್ವರ ಕೈಗೆ ಹೋಯಿತು. 2009ರ ಮೇ 24ರಂದು, ಕೊನೆಯ ದಿನ, ಎರಡೂ ತಂಡಗಳು ಸೋತವು. ಹಲ್ 35 ಅಂಕಗಳೊಂದಿಗೆ ಉಳಿಯಿತು. ನ್ಯೂಕ್ಯಾಸಲ್ 34 ಅಂಕಗಳೊಂದಿಗೆ ಇಳಿಯಿತು. ಒಂದೇ ಒಂದು ಅಂಕ! ಮರುವರ್ಷ ಹಲ್ ಮತ್ತೆ ಸೋಲುತ್ತಿರುವಾಗ 2010ರ ಮಾರ್ಚಿನಲ್ಲಿ ಬ್ರೌನ್‌ರನ್ನು ಸರಿಸಿ ಇಯಾನ್ ಡೌಯಿ ಎಂಬವರನ್ನು ತಂದರು. ಈ ಸಲ ಹಲ್ ಇಳಿಯಿತು. ಬ್ರೌನ್ ಅನೇಕ ಊರು ಸುತ್ತಿ 2018ರ ಡಿಸೆಂಬರಿನಲ್ಲಿ ಪುಣೆಗೆ ಬಂದರು, ತಂಡವನ್ನು ಹತ್ತರಲ್ಲಿ ಏಳನೆಯ ಸ್ಥಾನಕ್ಕೆ ತಂದರು. 2019ರಲ್ಲಿ ಆ ಕ್ಲಬ್ಬೇ ಮುಚ್ಚಿ ಅದರ ಸ್ಥಾನಕ್ಕೆ ಹೈದರಾಬಾದ್ ಎಫ್.ಸಿ. ಬಂದಿತು, ಬ್ರೌನ್‌ರೂ ಅಲ್ಲಿಗೆ ಹೋದರು. 2020ರ ಜನವರಿಯಲ್ಲಿ ಅಲ್ಲಿಂದಲೂ ಅವರನ್ನು ಬಿಡಿಸಿದರು. ಬಿಜಾಪುರ, ಗುಲಬರ್ಗಾ ಕಡೆಗಳಿಂದ ಕೆಲಸವನ್ನು ಅರಸಿ ಈ ನಗರಕ್ಕೆ ಬಂದ ಮನೆತನಗಳ ಮಕ್ಕಳಾದ ನಿಮಗೆ, ಗುತ್ತಿಗೆ ಮುಗಿದೊಡನೆ ಗಂಟುಮೂಟೆ ಕಟ್ಟುವ ಬಾಳು ಎಂಥದೆಂದು ವಿವರಿಸಬೇಕಾಗಿಲ್ಲ.

ಈಗ ಭಾರತದ ಕಥೆಗೆ ಬರೋಣ. ಇದರಷ್ಟು ವಿಚಿತ್ರವಾದದ್ದು ಬೇರೆ ದೇಶದಲ್ಲಿ ಸಿಗುವುದು ಕಷ್ಟ. ಇದರ ಆರಂಭದಲ್ಲಿಯೂ ಪುಣೆಯ ಪಾತ್ರವಿದೆ. 2015–16ರ ಐ-ಲೀಗಿನಲ್ಲಿ ಒಂಬತ್ತು ತಂಡಗಳು. ಕಟ್ಟಕಡೆಗೆ ನಿಂತದ್ದು ನಮ್ಮ ಊರಿನ ಡಿ.ಎಸ್.ಕೆ. ಶಿವಾಜಿಯನ್ಸ್, ಅದರ ತರಬೇತುದಾರರು, ಹಿಂದೆ ಹೇಳಿದ ಡೆರಿಕ್ ಪೆರೇರಾ ಅವರೇ. ಪುಣೆಯ ಒಂದು ತಂಡವನ್ನು ಎರಡನೆಯ ಸ್ಥಾನಕ್ಕೆ ಏರಿಸಿದ ಮನುಷ್ಯನೇ ಪುಣೆಯ ಇನ್ನೊಂದು ತಂಡದೊಂದಿಗೆ ಕೊನೆಯವನಾಗಿ ನಿಂತನೆಂಬುದು ಯೋಚಿಸತಕ್ಕ ಸಂಗತಿ. ಆದರೆ ನೇರ ಪ್ರವೇಶ ಪಡೆದ ಆ ತಂಡಕ್ಕೆ ಹಿಂಬಡ್ತಿಯಿಂದ ವಿನಾಯಿತಿ ಇತ್ತು. ಆದ್ದರಿಂದ ಅದಕ್ಕಿಂತ ಮೇಲಿದ್ದ, ಎಂಟನೆಯ ಸ್ಥಾನದ, ಮಿಜೋರಮಿನ ಐಜ್ವಾಲ್ ತಂಡ ಇಳಿಯಬೇಕಾಯಿತು.

ಇದೇ ಹೊತ್ತಿಗೆ ಮುಂಬಯಿ ಎಫ್.ಸಿ. ಎಂಬ ತಂಡವು ಖಾಲಿದ್ ಜಮೀಲ್ ಎಂಬ ತನ್ನ ತರಬೇತುದಾರರನ್ನು ಬಿಟ್ಟುಕೊಟ್ಟಿತು. ಅಲ್ಪ ಹಣದ, ದೊಡ್ಡ ಹೆಸರುಗಳಿಲ್ಲದ ಆ ತಂಡವನ್ನು ಅವರು 2009ರಿಂದ ಏಳು ವರ್ಷಗಳ ಕಾಲ ಒಮ್ಮೆಯೂ ಇಳಿಯಗೊಡದೆ ಕಾಪಾಡಿದ್ದರು. ಕಾಪಾಡುವುದು ಮಾತ್ರ ಸಾಲದು, ಗೆಲ್ಲಬೇಕು ಎಂಬ ಆಸೆ ಹುಟ್ಟುವುದು ತಪ್ಪಲ್ಲ. ಅವರ ಸ್ಥಾನಕ್ಕೆ ಅನುಭವಿಗಳಾದ ಸಂತೋಷ್ ಕಶ್ಯಪ್ ಬಂದರು. ಕೆಲಸ ಕಳೆದುಕೊಂಡ ಖಾಲಿದ್‌ರು ಐಜ್ವಾಲಿಗೆ ಹೋದರು. ಜಯೇಶ್ ರಾಣೆ, ಆಶುತೋಷ್ ಮೆಹ್ತಾರಂಥ ಮುಂಬಯಿಯ ಆಟಗಾರರೂ ಅಲ್ಲಿಗೆ ಸೇರಿಕೊಂಡರು. ಅಷ್ಟರಲ್ಲಿ ಗೋವೆಯ ಕೆಲವು ಕ್ಲಬ್ಬುಗಳು ಐ-ಲೀಗಿನಿಂದ ಹಿಂದೆ ಸರಿದವು. ಇಳಿದಿದ್ದ ಐಜ್ವಾಲನ್ನು ಮತ್ತೆ ಮೇಲಕ್ಕೆ ಕರೆಯಲಾಯಿತು.

2016–17ರ ಋತು ನಡೆಯಿತು. 2017ರ ಏಪ್ರಿಲ್ 30ರಂದು ಶಿಲ್ಲಾಂಗಿನಲ್ಲಿ ಲಾಜಾಂಗ್ ತಂಡದೊಡನೆ 1–1ರಿಂದ ಸಮ ಮಾಡಿಕೊಂಡ ಐಜ್ವಾಲ್ 37 ಅಂಕಗಳನ್ನು ಪಡೆದು, 36 ಅಂಕಗಳ ಮೋಹನ್ ಬಾಗಾನನ್ನು ಹಿಂದಿಕ್ಕಿ, ಭಾರತದ ಲೀಗ್ ಗೆದ್ದ ಈಶಾನ್ಯದ ಮೊದಲ ತಂಡವೆನಿಸಿತು. ಹಿಂದಿನ ವರ್ಷ ಇಳಿದ ತಂಡ, ಹಿಂದಿನ ವರ್ಷ ಬಿಡಲ್ಪಟ್ಟ ಗುರು! ಇತ್ತ ಮುಂಬಯಿ ಎಫ್.ಸಿ. ಒಂದರ ಮೇಲೊಂದು ಸೋಲು ಕಂಡಿತು. ಋತುವಿನ ಮಧ್ಯದಲ್ಲಿ ಕಶ್ಯಪ್‌ರು ಹೋಗಿ ಸ್ಪೇನ್ ದೇಶದ ಆಸ್ಕರ್ ಬ್ರೂಜೊನ್ ಬಂದರು. ಬದಲಾವಣೆ ಫಲಿಸಲಿಲ್ಲ. ತಂಡವು ಕಟ್ಟಕಡೆಗೆ ನಿಂತು ಇಳಿಯಿತು, ಆಮೇಲೆ ಮುಚ್ಚಿಯೇ ಹೋಯಿತು. ಡಿ.ಎಸ್.ಕೆ. ಶಿವಾಜಿಯನ್ಸ್ ಕೂಡ ಅದೇ 2017ರಲ್ಲಿ ಐ-ಲೀಗಿನಿಂದ ಹೊರಬಂದಿತು. ಅದೇ ಋತುವಿನಲ್ಲಿ ಗೋವೆಯ ಚರ್ಚಿಲ್ ಬ್ರದರ್ಸ್ ಮಾತ್ರ ನಡುವೆಯೇ ಡೆರಿಕ್ ಪೆರೇರಾರನ್ನು ಕರೆತಂದು ಆರನೆಯ ಸ್ಥಾನಕ್ಕೆ ಏರಿಕೊಂಡಿತು. ಬದಲಾವಣೆ ಫಲಿಸಿದ ಉದಾಹರಣೆಯನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿರಿ, ಇಲ್ಲವಾದರೆ ನಮ್ಮ ಲೆಕ್ಕ ಪಕ್ಷಪಾತದ್ದಾಗುತ್ತದೆ.

ಇನ್ನು ಮುಂಬಯಿ ಎಫ್.ಸಿ.ಯ ಆ ಮೂವರು ಮುಂದೇನಾದರು? ಬ್ರೂಜೊನ್‌ರು ಬಾಂಗ್ಲಾದೇಶಕ್ಕೆ ಹೋಗಿ ಬಸುಂಧರಾ ಕಿಂಗ್ಸ್ ಎಂಬ ತಂಡಕ್ಕೆ ಆ ದೇಶದ ಲೀಗನ್ನು ಮತ್ತೆ ಮತ್ತೆ ಗೆದ್ದುಕೊಟ್ಟರು. 2024ರಲ್ಲಿ ಕಲಕತ್ತೆಯ ಈಸ್ಟ್ ಬೆಂಗಾಲ್ ಅವರನ್ನು ಕರೆಸಿಕೊಂಡಿತು. ಸಂತೋಷ್ ಕಶ್ಯಪ್‌ರು 2024ರಲ್ಲಿ ಭಾರತದ ಮಹಿಳಾ ತಂಡದ ತರಬೇತುದಾರರಾದರು. ಖಾಲಿದ್ ಜಮೀಲ್‌ರು ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ನಾರ್ತ್ ಈಸ್ಟ್ ಯುನೈಟೆಡ್, ಜಮ್ಶೇಡ್‌ಪುರಗಳನ್ನು ಸುತ್ತಿ, ಹಲವು ಕಡೆ ಋತುವಿನ ನಡುವೆಯೇ ಇನ್ನೊಬ್ಬರ ಸ್ಥಾನಕ್ಕೆ ಹೋಗಿ, 2025ರ ಆಗಸ್ಟಿನಲ್ಲಿ ಭಾರತದ ಪುರುಷರ ತಂಡದ ಮುಖ್ಯ ತರಬೇತುದಾರರಾಗಿ ನೇಮಕಗೊಂಡರು.