ಕಲ್ಲಿದ್ದಲಿನ ಒಳಗಿನ ಕಾಡು

ಕೃಷ್ಣಾ ನದಿಯ ಆಚೆ ದಡದಲ್ಲಿ ಶಕ್ತಿನಗರದ ಚಿಮಣಿಗಳನ್ನು ನೀವು ನೋಡಿರಬೇಕು. ರಾಯಚೂರಿನ ಆ ವಿದ್ಯುತ್ ಕೇಂದ್ರಕ್ಕೆ ಗೂಡ್ಸ್ ಗಾಡಿಯಲ್ಲಿ ಕಲ್ಲಿದ್ದಲು ಬರುತ್ತದೆ. ಅದರಲ್ಲಿ ಒಂದು ಪಾಲು ನಮ್ಮ ತೆಲಂಗಾಣದ ಸಿಂಗರೇಣಿ ಗಣಿಗಳದು. ಕಟ್ಟಿಗೆ ಉರಿಯುತ್ತದೆ, ಸರಿ. ಕಲ್ಲು ಹೇಗೆ ಉರಿಯುತ್ತದೆ?

ಉರಿಯುವುದು ಕಲ್ಲಲ್ಲ, ಹಳೆಯ ಕಾಡು. ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಈಗಿನ ಗೋದಾವರಿ ಸೀಮೆಯಲ್ಲಿ ದೊಡ್ಡ ತಗ್ಗು ಇತ್ತು. ಹೊಳೆ, ಕೆಸರು, ದಟ್ಟ ಮರಗಳು. ಆಗ ಮನುಷ್ಯರಿಲ್ಲ, ದನಕರು ಇಲ್ಲ. ಹೂ ಬಿಡುವ ಗಿಡ ಕೂಡ ಇರಲಿಲ್ಲ! ಬಹಳವಾಗಿ ಇದ್ದದ್ದು ಗ್ಲಾಸಾಪ್ಟೆರಿಸ್ ಎಂಬ ಮರ. ಅದರ ಎಲೆ ನಾಲಿಗೆಯ ಆಕಾರ. ಕಲ್ಲಿದ್ದಲಿನ ಜೊತೆಗಿರುವ ಕಲ್ಲಿನ ಪದರ ಬಿಡಿಸಿದರೆ ಆ ಎಲೆಯ ಅಚ್ಚು ನರದ ಸಮೇತ ಸಿಗುತ್ತದೆ. 1912ರಲ್ಲಿ ದಕ್ಷಿಣ ಧ್ರುವದಿಂದ ಮರಳುವಾಗ ಹಿಮದಲ್ಲಿ ಸತ್ತ ಸ್ಕಾಟ್ ತಂಡದವರು ಸುಮಾರು 16 ಕಿಲೋ ಕಲ್ಲನ್ನು ಕೊನೆಯವರೆಗೂ ಬಿಟ್ಟಿರಲಿಲ್ಲ. ಅದರಲ್ಲೂ ಇದೇ ಎಲೆ ಇತ್ತು. ಆ ಕಾಲಕ್ಕೆ ಭಾರತ, ಆ ಹಿಮದ ನಾಡು ಎರಡೂ ಒಂದೇ ನೆಲ.

ಎಲೆ ಕೊಳೆಯಲಿಲ್ಲ ಯಾಕೆ? ನಿಮ್ಮ ತಿಪ್ಪೆ ನೋಡಿ. ಗಾಳಿ ಆಡುವ ಕಡೆ ಕಸವನ್ನು ಹುಳ, ಸೂಕ್ಷ್ಮಜೀವಿ ತಿಂದು ಗೊಬ್ಬರ ಮಾಡುತ್ತವೆ. ಕೆರೆಯ ತಳದ ಕೆಸರು ಕೈಗೆತ್ತಿಕೊಳ್ಳಿ. ಕಪ್ಪಗೆ ಇರುತ್ತದೆ, ನಾರುತ್ತದೆ, ಹಳೆಯ ಎಲೆ ಹಾಗೇ ಇರುತ್ತದೆ. ಅಲ್ಲಿ ಗಾಳಿ ಹೋಗದು, ಕೊಳೆಯುವುದು ಬಹಳ ನಿಧಾನ. ಆ ಕಾಡಿನಲ್ಲೂ ಹೀಗೇ ಆಯಿತು. ಎಲೆಯ ಮೇಲೆ ಎಲೆ ಬಿತ್ತು, ಅದರ ಮೇಲೆ ಹೊಳೆ ಮಣ್ಣು ತಂದು ಹಾಕಿತು. ನೆಲ ಕುಸಿಯುತ್ತಾ ಹೋಯಿತು. ಮೇಲಿನ ಭಾರಕ್ಕೆ, ಭೂಮಿಯ ಕಾವಿಗೆ ನೀರು ಹಿಂಡಿ ಹೋಗಿ ಇಂಗಾಲ ಉಳಿಯಿತು. ಉಳಿದದ್ದು ಸ್ವಲ್ಪವೇ. ಬಿದ್ದ ಎಲೆಗಳಲ್ಲಿ ಹೆಚ್ಚಿನವು ಕೊಳೆತು ಗಾಳಿಗೆ ಸೇರಿದವು. (ಭೂಮಿಯೊಳಗಿನ ಕಚ್ಚಾ ಎಣ್ಣೆ ಹೆಚ್ಚಾಗಿ ನೀರಿನ ಸಣ್ಣ ಸಣ್ಣ ಜೀವಿಗಳಿಂದ ಬಂದದ್ದು. ಅದು ಬೇರೆ ಪಾಠ.)

ನಮ್ಮ ತಾಂಡೂರು ಕಲ್ಲೂ ಪದರ ಪದರವಾಗಿದೆ, ಅಲ್ವಾ? ಅದು ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು. ಆದರೆ ಅದರಲ್ಲಿ ಕಲ್ಲಿದ್ದಲು ಸಿಗದು. ಅದು ಕೂತಾಗ ನೆಲದ ಮೇಲೆ ಮರಗಳೇ ಹುಟ್ಟಿರಲಿಲ್ಲ. ಇನ್ನು ನಮ್ಮ ಹೊಲದ ಬಂಡೆ, ಗ್ರಾನೈಟ್, ಕರಗಿದ ಕಲ್ಲು ಆರಿ ಆದದ್ದು. ಅದರೊಳಗೆ ಎಲೆ ಎಲ್ಲಿಂದ ಬಂದೀತು? ಬೋರು ಕೊರೆಯುವಾಗ ಕಪ್ಪು ಪುಡಿ ಬಂತು, ಕೆಳಗೆ ಕಲ್ಲಿದ್ದಲಿದೆ ಎಂದು ಯಾರಾದರೂ ಅಡ್ವಾನ್ಸ್ ಕೇಳಿದರೆ ಕೊಡಬೇಡಿ. ಆ ಪುಡಿ ಒಣಗಿಸಿ ಒಲೆಗೆ ಹಾಕಿ. ಕರಿಕಲ್ಲಿನ ಪುಡಿ ಉರಿಯುವುದಿಲ್ಲ.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಬಹಳ ಕಡೆ 100 ಕಿಲೋಗೆ 30 ಕಿಲೋಗಿಂತ ಹೆಚ್ಚು. ಆ ಬೂದಿ ಬಹುಪಾಲು ಅಂದಿನ ಹೊಳೆ ಎಲೆಯ ಜೊತೆ ತಂದ ಮಣ್ಣು. ಬೂದಿ ಇಟ್ಟಿಗೆಯಿಂದ ಗೋಡೆ ಕಟ್ಟಿದವರ ಮನೆಯಲ್ಲಿ ಆ ಮಣ್ಣೇ ನಿಂತಿದೆ.

ಅಭ್ಯಾಸ: ನಿಮ್ಮ ಊರಿನ ಕಲ್ಲು ನೋಡಿ. ಪದರ ಇದೆಯೋ, ಇಲ್ಲವೋ? ಐದು ಸಾಲು ಬರೆದು ಕೇಂದ್ರಕ್ಕೆ ತನ್ನಿ.